ಅಕ್ಕ ಬೋರಲು ಮಲಗಿದ ಮಳೆಗಾಲ

ಇವತ್ತು ಮಾಡಿದ ಕೆಲಸ: ಐದೂವರೆಗೆ ಎದ್ದು ಅಂಗಳಕ್ಕೆ ನೀರು ಹೊಡೆದೆ. ಹಾಲು ಕಾಸಿದೆ. ಮಂಡಕ್ಕಿ ನೆನೆಸಿ ಸೂಸಲಾ ಮಾಡಿದೆ, ಅರ್ಧ ಮನೆಯವರಿಗೆ, ಅರ್ಧ ಡಬ್ಬಿಗೆ. ಹಾನಗಲ್ಲಿನ ನನ್ನ ಟೈಪಿಂಗ್ ಅಂಗಡಿ ತೆರೆದು ಎರಡು ಲಗ್ನಪತ್ರಿಕೆ, ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವ ಒಂದು ವಾಟ್ನಿಯ ಅರ್ಜಿ ಮುಗಿಸಿದೆ. ಒಂದು ಪತ್ರಿಕೆಯಲ್ಲಿ ಮದುಮಗನ ಸೋದರಮಾವನ ಹೆಸರು ಬಿಟ್ಟುಹೋಗಿತ್ತು, ಜಗಳವಾಗುವ ಮೊದಲೇ ಸೇರಿಸಿಕೊಟ್ಟೆ. ಹನ್ನೊಂದರ ಬಸ್ಸಿಗೆ ಅಕ್ಕಿಆಲೂರಿಗೆ ಹೋದೆ. ಅಕ್ಕನ ತಲೆಗೆ ಎಣ್ಣೆ ಹಚ್ಚಿದೆ, ಎರಡು ಸೀರೆ ಒಗೆದು ಹರವಿದೆ. ಮಳೆ ಬಂತು. ಮತ್ತೆ ಒಳಗೆ ತಂದೆ.

ಅಷ್ಟರಲ್ಲಿ ಅಂಚೆಯವನು ಒಂದು ಲಕೋಟೆ ಕೊಟ್ಟುಹೋದ, ಕಣ್ಣಿನ ಆಸ್ಪತ್ರೆಯದು. ನಾನು ಅಂಚು ಹರಿದು ಹಾಳೆ ಬಿಡಿಸಿದೆ. ಅಕ್ಕ ಕೈ ಚಾಚಿದಳು. "ಇಲ್ಲಿ ಕೊಡು." ಕೊಟ್ಟೆ. ಹಾಳೆಯನ್ನು ಮಡಿಲ ಮೇಲೆ ಸಾಪು ಮಾಡಿ ಫೋನನ್ನು ಅದರ ಮೇಲೆ ಹಿಡಿದಳು. ಫೋನು ತನ್ನ ತಗಡಿನ ದನಿಯಲ್ಲಿ ಓದತೊಡಗಿತು. ವಿಳಾಸ, ಪಿನ್ ಕೋಡ್, ಹಾಳೆಯ ಬುಡದಲ್ಲಿದ್ದ ಮುದ್ರಣಾಲಯದ ಹೆಸರು, ಎಲ್ಲವನ್ನೂ ಓದಿತು. ಕನ್ನಡ, ಇಂಗ್ಲಿಷ್ ಎರಡನ್ನೂ ಓದಿಯೇ ಹೊಟ್ಟೆ ಹೊರೆಯುವ ನಾನು ಒಂದು ಮೊಳ ದೂರದಲ್ಲಿ ಎಣ್ಣೆಯ ಬಟ್ಟಲು ಹಿಡಿದು ಕೂತಿದ್ದೆ.

ಹೊರಗೆ ಅಕ್ಕಿ ಗಿರಣಿಯ ಹಿಂದಿನ ಹೊಟ್ಟಿನ ರಾಶಿ ಮಳೆಗೆ ನೆನೆದು ಹೊಗೆಯಾಡುತ್ತಿತ್ತು. ಆ ಹುಳಿ ಹೊಗೆಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಆ ವಾಸನೆ ಬಂದರೆ ನನಗೆ ಅಕ್ಕ ಬೋರಲು ಮಲಗಿದ ಮಳೆಗಾಲ ಬಿಟ್ಟು ಬೇರೆ ಯಾವುದೂ ನೆನಪಾಗುವುದಿಲ್ಲ.

ಅಕ್ಕನ ಹೆಸರು ಗಿರಿಜಾ. ನನಗಿಂತ ಆರು ವರ್ಷ ದೊಡ್ಡವಳು. ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದಳು. ಮದುವೆ ಬೇಡವೆಂದು ತವರಿನಲ್ಲೇ ಉಳಿದಳು, ಅಪ್ಪ ಅವ್ವ ತೀರಿದ ಮೇಲೆ ಒಬ್ಬಳೇ ಇದ್ದಳು. ಎಡಗಣ್ಣು ಹುಟ್ಟಿದಾಗಿನಿಂದ ಮಂಜು. ಬಲಗಣ್ಣೊಂದನ್ನೇ ನಂಬಿ ಓದಿದವಳು, ಕಲಿಸಿದವಳು. ಆ ವರ್ಷ ಮಿರಗದ ಮಳೆ ಹಿಡಿದ ವಾರವೇ ಆ ಬಲಗಣ್ಣಿನ ಒಳಪರದೆ ಹರಿಯಿತು.

ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಕಣ್ಣೊಳಗೆ ಗಾಳಿಯ ಗುಳ್ಳೆ ತುಂಬಿದರು. "ಇನ್ನ ಮಾರಿ ನೆಲಕ್ಕ ಇರಬೇಕು ನೋಡ್ರಿ. ಉಣ್ಣಾಗ, ಮಲಗಾಗ, ಯಾವಾಗ್ಲೂ. ಆ ಗುಳ್ಳಿ ಒತ್ತಿ ಪರದೆ ಹಚ್ಚಬೇಕು. ಕೆಮ್ಮಬ್ಯಾಡ್ರಿ, ಮುಕ್ಕರಿಬ್ಯಾಡ್ರಿ, ಅಳಬ್ಯಾಡ್ರಿ," ಎಂದರು ಡಾಕ್ಟರು. ಹದಿನೈದು ದಿನ ಎಂದಿದ್ದರು. ಒಂದು ಮೂಲೆಯಲ್ಲಿ ಪರದೆ ಹಿಡಿಯಲಿಲ್ಲವೆಂದು ಮತ್ತೊಮ್ಮೆ ತುಂಬಿದರು, ಮಗದೊಮ್ಮೆ ತುಂಬಿದರು. ಆರಿದ್ರಾ ಮಳೆಯಿಂದ ಪಂಚಮಿಯವರೆಗೆ ಅಕ್ಕ ಬೋರಲು ಮಲಗಿದ್ದಳು.

ನಾನು ಅಂಗಡಿಗೆ ಬೀಗ ಹಾಕಿ ಹೋದೆ. ಗಿರಣಿಯವರಿಂದ ಉದ್ದನೆಯ ಬೆಂಚು ಇಸಕೊಂಡು ಬಂದು, ಬಡಿಗೇರನಿಂದ ತಲೆ ಬರುವ ಕಡೆ ತಟ್ಟೆಯಗಲದ ತೂತು ಕೊರೆಸಿದೆ. ಅಂಚು ಕೆನ್ನೆಗೆ ಒತ್ತಬಾರದೆಂದು ಅವ್ವನ ಹಳೆಯ ಸೀರೆ ಹರಿದು ದಪ್ಪನೆಯ ಸಿಂಬಿ ಸುತ್ತಿದೆ. ಹೆಂಗಸರು ತಲೆಯ ಮೇಲೆ ಸಿಂಬಿ ಇಟ್ಟು ಕೊಡ ಹೊರುತ್ತಾರೆ. ಅಕ್ಕ ಅದರ ಮೇಲೆ ಮುಖ ಇಟ್ಟಳು. ಕೆಳಗೆ ಕೂತು ಅವಳ ಬಾಯಿಗೆ ಚಮಚೆಯಲ್ಲಿ ಗಂಜಿ ಹಾಕುತ್ತಿದ್ದೆ. ಗದ್ದದಿಂದ ಸುರಿದದ್ದು ನನ್ನ ಮಡಿಲಿಗೆ ಬೀಳುತ್ತಿತ್ತು.

ಎಡಗಣ್ಣಿನ ಮಂಜಿನಲ್ಲಿ ಅವಳಿಗೆ ನೆಲ ಮಾತ್ರ ಕಾಣುತ್ತಿತ್ತು, ನೆಲದ ಮೇಲೆ ಬಂದವರ ಪಾದ. ಎದುರು ಮನೆಯ ಕಲ್ಲವ್ವ ನೋಡಲು ಬಂದವಳು ಸೆರಗು ಬಾಯಿಗೆ ಹಚ್ಚಿ, "ಯಾವ ಜನ್ಮದ ಪಾಪನೋ ಯವ್ವಾ, ದೇವರು ನೆಲಾ ಮೂಸೂಹಂಗ ಮಾಡಿದ," ಎಂದಳು.

ಬೆಂಚಿನ ಕೆಳಗಿನಿಂದ ಉತ್ತರ ಬಂತು. "ಕಲ್ಲವ್ವಾ, ನಿನ್ನ ಕಾಲ ಉಗರು ತಗದು ಎಷ್ಟು ದಿನಾ ಆತು? ನನಗ ಬರೇ ಅವ ಕಾಣಾಕತ್ತಾವು. ದೇವರು ಶಿಕ್ಷಾ ಕೊಟ್ಟಿದ್ದು ಖರೇನ ಬಿಡು."

ಕಲ್ಲವ್ವ ನಾಲ್ಕು ದಿನ ಬರಲಿಲ್ಲ. ಐದನೇ ದಿನ ಬಂದಾಗ ಉಗುರು ತೆಗೆದಿದ್ದಳು.

ಬೋರಲು ಮಲಗಿದರೂ ಅಕ್ಕನ ಕೆಲಸ ನಿಲ್ಲುವ ಹಾಗಿರಲಿಲ್ಲ. ಆ ಕೆಲಸವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕಂಪ್ಯೂಟರಿಗೆ ನಾವು ಪೆನ್‌ಡ್ರೈವ್ ಚುಚ್ಚುತ್ತೇವೆ, ಪ್ರಿಂಟರ್ ಹಚ್ಚುತ್ತೇವೆ. ಬಂದದ್ದು ಏನು, ಅದನ್ನು ಯಾವ ಹೆಸರಿನಿಂದ ಕರೆಯಬೇಕು, ಯಾರು ಮುಟ್ಟಬಹುದು, ಕಿತ್ತಾಗ ಯಾರಿಗೆ ಹೇಳಬೇಕು ಎಂದು ನೋಡಿಕೊಳ್ಳಲು ಒಳಗೊಂದು ಪ್ರೋಗ್ರಾಮ್ ಕೂತಿರುತ್ತದೆ. ಯೂನಿಕ್ಸ್ ಮನೆತನದ ಸಿಸ್ಟಮ್‌ಗಳು ಹಲವು. ಲಿನಕ್ಸ್ ಒಂದು, ಬಿಎಸ್‌ಡಿ ಎಂದು ಇನ್ನು ಕೆಲವು. ಒಬ್ಬರ ಮನೆಯ ಪ್ರೋಗ್ರಾಮ್ ಇನ್ನೊಬ್ಬರ ಮನೆಯಲ್ಲಿ ನಡೆಯುವುದಿಲ್ಲ. ಅಕ್ಕನ ಲ್ಯಾಬಿನಲ್ಲಿ ಅವರಿವರು ದಾನ ಕೊಟ್ಟ ಹಳೆಯ ಕಂಪ್ಯೂಟರುಗಳು, ಒಂದೊಂದರಲ್ಲಿ ಒಂದೊಂದು ಸಿಸ್ಟಮ್. ಇಲ್ಲಿ ಓಡುವ ಪ್ರಿಂಟರು ಅಲ್ಲಿ ಓಡದು. ಬೇಸತ್ತು, ಎಲ್ಲ ಮನೆಯಲ್ಲೂ ನಡೆಯುವ ಒಂದೇ ಪ್ರೋಗ್ರಾಮ್ ಬರೆಯುತ್ತೇನೆಂದು ಹೊರಟಳು. ಊರಿಗೆ ಯಾರು ಬಂದರು, ಯಾರು ಹೋದರು ಎಂದು ಗೌಡರಿಗೆ ಸುದ್ದಿ ಮುಟ್ಟಿಸುತ್ತಿದ್ದವನು ವಾಲೀಕಾರ. ಅದೇ ಹೆಸರಿಟ್ಟಳು.

ಒಂಬತ್ತು ವರ್ಷ ಬರೆದಳು. ಕಾಲೇಜಿನವರು ನಗುತ್ತಿದ್ದರು. "ಇದ್ದದ್ದನ್ನ ಮತ್ತ ಯಾಕ ಮಾಡ್ತೀರಿ ಬಾಯಾರ, ರೊಟ್ಟಿ ಬಡಿಯೂದರ ಕಲೀರಿ." ಆ ಮಳೆಗಾಲಕ್ಕೆ ಮುಂಚಿನ ಚಳಿಗಾಲದಲ್ಲಿ ದೂರದೇಶದ ಒಂದು ಗುಂಪು ಅವಳಿಗೆ ಪತ್ರ ಬರೆಯಿತು. ಸಂಬಳವಿಲ್ಲದೆ ಕೂಡಿ ಒಂದು ಪುಟ್ಟ ಸಿಸ್ಟಮ್ ಕಟ್ಟುವ ಜನ. ನಿಮ್ಮ ವಾಲೀಕಾರನನ್ನು ನಮ್ಮದರೊಳಗೆ ಸೇರಿಸಿಕೊಳ್ಳುತ್ತೇವೆ, ಆಗಸ್ಟ್ ಮುಗಿಯುವುದರೊಳಗೆ ಪೂರ್ಣ ಆವೃತ್ತಿ ಬೇಕು, ಅಷ್ಟರಲ್ಲಿ ನಮ್ಮವರು ಪರೀಕ್ಷೆ ಮಾಡಿ ತಪ್ಪು ತಿಳಿಸುತ್ತಾರೆ ಎಂದಿತ್ತು. ಅಕ್ಕನಿಗೆ ಹೊರಗಿನವರಿಂದ ಬಂದ ಮೊದಲ ಹೂಂಗುಟ್ಟುವಿಕೆ ಅದು.

"ಇದೊಂದ್ ಆಗಲಿ ಶಾಂತಾ," ಎಂದಿದ್ದಳು ಬೆಂಚಿನ ಮೇಲಿಂದ. "ಆಮ್ಯಾಲ ಕಣ್ಣು ಹೋದ್ರೂ ಹೋಗಲಿ. ಮಾಡೂ ಕೆಲಸ ಮಾಡಿ ಮುಗಿಸಿರ್ತೇನಿ."

ಹೀಗೆ ನಾನು ಅವಳ ಕೈಯಾದೆ. ಅವಳು ನೆಲಕ್ಕೆ ಹೇಳುವುದು, ನಾನು ಪಕ್ಕದ ಮೇಜಿನಲ್ಲಿ ಟೈಪು ಮಾಡುವುದು. ಇಫ್, ಬ್ರಾಕೆಟ್ ಬಿಚ್ಚು, ಬ್ರಾಕೆಟ್ ಮುಚ್ಚು. ಅರ್ಥ ನನಗೆ ಬೇಕಿರಲಿಲ್ಲ. ಸಂಸ್ಕೃತ ಮಂತ್ರದ ಪುಸ್ತಕವನ್ನೂ ಅರ್ಥ ತಿಳಿಯದೆ ತಪ್ಪಿಲ್ಲದೆ ಟೈಪು ಮಾಡಿದವಳು ನಾನು.

"ಬ್ರಾಕೆಟ್ ಮುಚ್ಚಿದಿ?"

"ಮುಚ್ಚೇನಿ."

"ಸುಳ್ಳ. ಮುಚ್ಚಿದ್ರ ಎರಡು ಕೀಲಿ ಸಪ್ಪಳ ಬರಬೇಕು. ಒಂದ ಬಂತು. ಬೆರಳು ಬರೋಬ್ಬರಿ ಕೊಟ್ಟಾನ ದೇವರು ನಿನಗ, ತಲಿ ಕೊಡೂದು ಮರತಾನ."

ಹೀಗೆ ದಿನಕ್ಕೆ ಇಪ್ಪತ್ತು ಸಲ. ಒಮ್ಮೆ ನಾನು ಇಡೀ ಒಂದು ಸಾಲು ಬಿಟ್ಟಿದ್ದೆ. ಅವಳು ಕಿರುಚಲಿಲ್ಲ, ಕಿರುಚಿದರೆ ಕಣ್ಣಿಗೆ ಒತ್ತಡ. ಮೆಲ್ಲಗೆ, "ಅಪ್ಪ ನಿನ್ನ ಲಗೂನ ಮದುವಿ ಮಾಡಿದ್ದು ಬರೋಬ್ಬರಿ ಆತು," ಎಂದಳು. ಎದ್ದು ಹಿತ್ತಲಿಗೆ ಹೋಗಿ ಅತ್ತು, ಮುಖ ತೊಳೆದು ಬಂದು ಕೂತೆ. ಅವಳಿಗೆ ಅಳುವ ಹಾಗಿರಲಿಲ್ಲ. ನನಗೆ ಆ ಅನುಕೂಲವಾದರೂ ಇತ್ತು.

ಅವಳ ಕೈಯಾದಂತೆ ಅವಳ ಕಣ್ಣೂ ಆದೆ. ಕಣ್ಣಿನ ಆಪರೇಷನ್ ಆಗಿದೆಯೆಂದು ಗುಂಪಿಗೆ ಮೊದಲೇ ಬರೆದಿದ್ದೆವು. ಪರೀಕ್ಷೆ ಮಾಡುವವರ ಇಮೇಲುಗಳನ್ನು ನಾನೇ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಫೋನಿನಿಂದ ಓದಿಸಬಹುದಿತ್ತು. "ಮನ್ಯಾಗ ಓದಾಕ ಬರೋವ್ರು ಇರೂಮಟಾ ಆ ತಗಡಿನ ದನಿ ಯಾಕ?" ಎಂದು ಬೇಡವೆಂದವಳು ನಾನೇ.

ಇಲ್ಲಿ ನನ್ನ ಹಳೆಯ ಅಭ್ಯಾಸದ ಮಾತು ಹೇಳಬೇಕು. ನಾನು ಐದನೇ ಇಯತ್ತೆಯಲ್ಲಿದ್ದಾಗಿನಿಂದ ನಮ್ಮ ಓಣಿಯ ಹೆಂಗಸರಿಗೆ ಬಂದ ಕಾಗದಗಳನ್ನೆಲ್ಲ ಓದಿದವಳು. ಅಕ್ಕನಿಗೆ ಆ ಕೆಲಸ ಕೊಡುತ್ತಿರಲಿಲ್ಲ. ಅವಳು ಇದ್ದದ್ದನ್ನು ಇದ್ದ ಹಾಗೆ ಓದಿ ಹಿಂದೊಮ್ಮೆ ಒಬ್ಬಾಕೆಯನ್ನು ಬಾವಿಕಟ್ಟೆಯ ಮೇಲೆ ಮೂರ್ಛೆ ಕೆಡವಿದ್ದಳು. ಅವ್ವ ನನಗೆ ರೀತಿ ಹೇಳಿಕೊಟ್ಟಿದ್ದಳು. "ಮದಲ ಉಂಡಾರೇನ್ ಕೇಳು. ಉಂಡಿಲ್ಲಂದ್ರ ಕೆಟ್ಟ ಸುದ್ದಿ ಓದಬ್ಯಾಡ. ಸತ್ತಾರಂತ ಬರದಿದ್ರ 'ಅಷ್ಟ ಆರಾಮಿಲ್ಲಂತ' ಅನ್ನು. ಅವರಿಗೆ ತಿಳೀತೈತಿ. ಕಡೀಕೆ ಎಲ್ಲಾರನೂ ಕೇಳ್ಯಾರಂತ ಹೇಳು, ಬರೀದಿದ್ರೂ ಹೇಳು." ಹಾಗೇ ಓದುತ್ತಿದ್ದೆ. ಕೇಳುವವರಿಗೂ ಆ ರೀತಿ ಗೊತ್ತಿತ್ತು. 'ಅಷ್ಟ ಆರಾಮಿಲ್ಲ' ಎಂದೊಡನೆ ಅಡಕೆ ಎಲೆ ತಟ್ಟೆ ಬದಿಗೆ ಸರಿಸಿ ಬಸ್ಸಿನ ಹೊತ್ತು ಕೇಳುತ್ತಿದ್ದರು. ಮುಚ್ಚಿದ್ದನ್ನು ಬಿಚ್ಚಿಕೊಳ್ಳುವುದು ಕೇಳುವವರ ಕೆಲಸವೆಂದು ನಾನು ತಿಳಿದಿದ್ದೆ.

ಪರೀಕ್ಷೆ ಮಾಡುವವರಲ್ಲಿ ಒಬ್ಬನಿದ್ದ. ಹೆಸರಿನ ಜಾಗದಲ್ಲಿ ಬರೀ ಎರಡು ಇಂಗ್ಲಿಷ್ ಅಕ್ಷರ ಹಾಕುತ್ತಿದ್ದ. ನಾವು ಅವನನ್ನು ಎರಡಕ್ಷರದವ ಎನ್ನುತ್ತಿದ್ದೆವು. ಎಲ್ಲರಿಗಿಂತ ಹೆಚ್ಚು ಪರೀಕ್ಷೆ ಮಾಡುವವನು ಅವನೇ, ಎಲ್ಲರಿಗಿಂತ ಕೆಟ್ಟದಾಗಿ ಬರೆಯುವವನೂ ಅವನೇ. ಪುನರ್ವಸು ಮಳೆ ಜಡಿ ಹಿಡಿದಿದ್ದ ಒಂದು ಬೆಳಿಗ್ಗೆ ಅವನ ಪತ್ರ ಬಂತು. ಇದ್ದದ್ದು ಹೀಗೆ: "ಒಂದೇ ಕ್ರಮಸಂಖ್ಯೆ ಇರುವ ಎರಡು ಡಿಸ್ಕ್ ಹಚ್ಚಿದೆ. ಅಗ್ಗದ ಡಿಸ್ಕುಗಳು ಹೀಗೆ ಬರುತ್ತವೆ. ತಂತಿ ಅಲುಗಿ ಎರಡೂ ಕಳಚಿ ಮತ್ತೆ ಬಂದಾಗ ನಿಮ್ಮ ಪ್ರೋಗ್ರಾಮ್ ಇದರ ಹೆಸರು ಅದಕ್ಕೆ, ಅದರ ಹೆಸರು ಇದಕ್ಕೆ ಕೊಟ್ಟಿತು. ಇದನ್ನು ಬಿಡುಗಡೆ ಮಾಡಬೇಡಿ. ಇದು ಒಂದು ದಿನ ಯಾರದೋ ಬದುಕಿನ ಕೆಲಸ ತಿನ್ನುತ್ತದೆ. ಬರೆದವರಿಗೆ ಡಿಸ್ಕ್ ಎಂದರೇನು ಎಂದಾದರೂ ಗೊತ್ತಿದೆಯೇ?"

ಹಿಂದಿನ ದಿನವಷ್ಟೇ ಮೂರನೇ ಗುಳ್ಳೆ ತುಂಬಿಸಿಕೊಂಡು ಹುಬ್ಬಳ್ಳಿಯಿಂದ ಬಂದಿದ್ದೆವು. ಅಕ್ಕ ಇನ್ನೂ ಗಂಜಿ ಕುಡಿದಿರಲಿಲ್ಲ.

"ಏನಂತಾನ ಎರಡಕ್ಷರದವ?"

"ಡಿಸ್ಕಿನ ಹೆಸರಿನಾಗ ಒಂದೀಟು ತೊಡಕ ಐತಂತ. ಪುರಸೊತ್ತಾದಾಗ ನೋಡ್ರಿ ಅಂದಾನ," ಎಂದೆ. ಕೊನೆಗೆ ಒಂದು ಮಾತು ನಾನೇ ಸೇರಿಸಿದೆ. "ನಿಮ್ಮ ಕಣ್ಣು ಹೆಂಗೈತಿ ಅಂತನೂ ಕೇಳ್ಯಾನ."

ಅಕ್ಕ, "ಅವ? ಕೇಳ್ಯಾನ?" ಎಂದಳು. ಅವಳ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಆ ಮಳೆಗಾಲದಲ್ಲಿ ಮೊದಲ ಸಲ ಕೇಳಿದೆ. ಸಂಜೆ ಕಲ್ಲವ್ವನಿಗೂ ಹೇಳಿದಳು. "ನೀ ಪಾಪ ಅಂದಿ. ಎಲ್ಲೋ ಕುಂತಾವ ಕಣ್ಣು ಹೆಂಗೈತಿ ಅಂತ ಕೇಳಾಕತ್ತಾನ ನೋಡು."

ಹೆಸರಿನ ತೊಡಕು ಎಂದರೆ ಅವಳು ಹೆಸರು ಉದ್ದವಾಯಿತೆಂದೋ, ಅಕ್ಷರ ತಪ್ಪಿತೆಂದೋ ತಿಳಿದಳು. ಮುಂದಿನ ಆವೃತ್ತಿಯಲ್ಲಿ ನೋಡೋಣವೆಂದು ಬದಿಗಿಟ್ಟಳು. ನನಗೆ ಒಳಗೆ ಸ್ವಲ್ಪ ಚುಚ್ಚಿತು. ಗಂಜಿ ಕುಡಿಯಲಿ, ಗುಳ್ಳೆ ಕರಗಲಿ, ಎದ್ದು ಕೂರಲಿ, ಆಮೇಲೆ ಪೂರ್ತಿ ಹೇಳಿದರಾಯಿತು ಎಂದುಕೊಂಡೆ. ದಿನಗಳು ಹೋದವು.

ಪುಷ್ಯ ಮಳೆಯ ಮೊದಲ ವಾರ ಅಕ್ಕ ಪೂರ್ಣ ಆವೃತ್ತಿ ಹೊರಗೆ ಬಿಟ್ಟಳು. ಬಿಟ್ಟಳು ಎಂದರೆ, ಕೊನೆಯ ಕೀಲಿ ಒತ್ತಿದವಳು ನಾನು. "ಈಗ ಅಬಲೂರ ಮಾಸ್ತರಿಗೆ ಫೋನ್ ಹಚ್ಚು," ಎಂದಳು.

ಅಬಲೂರಿನ ಫಕ್ಕೀರಪ್ಪ ಮಾಸ್ತರು ನಿವೃತ್ತ ಶಾಲಾ ಶಿಕ್ಷಕರು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿ ಹಳ್ಳಿ ತಿರುಗಿ ಮುದುಕಿಯರು ಹೇಳುವ ಬೀಸುವ ಪದ, ಸೋಬಾನ ಪದ, ಮೊಹರಂ ಪದಗಳನ್ನು ಹದಿನಾಲ್ಕು ವರ್ಷ ಧ್ವನಿಮುದ್ರಿಸಿದ್ದರು. ಅವರ ಹಳೆಯ ಕಂಪ್ಯೂಟರಿಗೆ ಬಿಎಸ್‌ಡಿ ಹಾಕಿಕೊಟ್ಟವಳು ಅಕ್ಕ. ಒಂದು ಗುಂಡಿ ಒತ್ತಿದರೆ ಒಂದು ಡಿಸ್ಕಿನಲ್ಲಿದ್ದದ್ದು ಇನ್ನೊಂದರ ಮೇಲೆ ಇದ್ದಂತೆ ಅಚ್ಚಾಗುವ ವ್ಯವಸ್ಥೆಯನ್ನೂ ಮಾಡಿಕೊಟ್ಟಿದ್ದಳು. ಆದರೆ ಯಾವುದರಿಂದ ಯಾವುದಕ್ಕೆ ಎಂಬುದು ಡಿಸ್ಕಿನ ಹೆಸರಿನಿಂದಲೇ ತಿಳಿಯಬೇಕು, ಅದಕ್ಕೆ, "ವಾಲೀಕಾರ ಮುಗಿಯೂಮಟಾ ಒತ್ತಬ್ಯಾಡ್ರಿ," ಎಂದು ತಡೆದಿದ್ದಳು. ಮಾಸ್ತರು ಒಂದು ವರ್ಷ ಅವಳ ಮಾತಿಗೆ ಕಾದರು.

ನಾನೇ ಫೋನಿನಲ್ಲಿ ಹೇಳಿದೆ. "ಸರ, ಮುಗೀತ್ರಿ. ಅಕ್ಕ ಹೇಳ್ಯಾಳ, ಹೊಸಾದು ಹಾಕಿ ಇನ್ನ ನಕಲು ತಗೀಬಹುದಂತ."

"ಹೌದ್ರ್ಯಾ? ಬೇಸಿ ಆತು ನೋಡ್ರಿ!" ಎಂದರು. ಆ ದನಿ ನನಗೆ ಈಗಲೂ ಕೇಳುತ್ತದೆ. ಹಬ್ಬಕ್ಕೆ ಕರೆದಂತೆ ಹಿಗ್ಗಿದ್ದರು.

ರೊಟ್ಟಿ ಪಂಚಮಿಯ ದಿನ, ಬೆಳಗಿನ ಹತ್ತಕ್ಕೆ, ಮಾಸ್ತರು ಬಂದರು. ನಾಗಪ್ಪನ ಹಬ್ಬಕ್ಕೆ ಮುಂಚಿನ ಆ ದಿನ ಮನೆಯಿಂದ ಮನೆಗೆ ರೊಟ್ಟಿ ಹಂಚುತ್ತಾರೆ. ಅವರೂ ರೊಟ್ಟಿ ತಂದಿರಬೇಕೆಂದು ಅವರ ಕೈಚೀಲ ನೋಡಿ ನಾನು ತಿಳಿದೆ. ಕೊಡೆ ಮಡಚಲಿಲ್ಲ. ನೀರು ನೆಲಕ್ಕೆ ಸೋರುತ್ತಿತ್ತು.

"ಮಾಸ್ತರ ಅಲ್ಲೇನು?" ಎಂದಳು ಅಕ್ಕ ಪಾದ ನೋಡಿ. "ಕುಂತ್ರಿ. ಶಾಂತಾ, ಚಾ ಇಡು."

"ಚಾ ಬ್ಯಾಡ್ರಿ. ಮಾರಿ ಎತ್ತರಿ ಅಕ್ಕಾರ. ಮಾರಿ ನೋಡಿ ಮಾತಾಡಬೇಕಂತ ಎರಡು ಬಸ್ ಬದಲಿಸಿ ಬಂದೇನಿ."

"ಎತ್ತಬಾರದ್ರಿ ಸರ, ಡಾಕ್ಟರ್..." ಎಂದೆ ನಾನು.

"ಇರ್ಲಿ ಬಿಡ್ರಿ. ಹಂಗಾರ ಬೆನ್ನಿಗೇ ಹೇಳಿ ಹೋಗ್ತೇನಿ." ನಿಂತೇ ಹೇಳಿದರು. "ಹಳೇ ಡಿಸ್ಕು ಸಾಯಾಕಾಗಿತ್ತು. ಎರಡು ಹೊಸಾವು ತಂದೆ. ಒಂದ ಅಂಗಡಿ, ಒಂದ ಕಂಪನಿ, ಜವಳಿ ಮಕ್ಕಳಿದ್ದಂಗ ಇದ್ವು. ಇದ್ದದ್ದೆಲ್ಲಾ ಒಂದಕ್ಕ ಹಾಕಿದೆ. ಅಷ್ಟ ಆಗೂದರಾಗ ಹಳೇದು ಸತ್ತಹೋತು. ಇರ್ಲಿ, ಅಕ್ಕಾರ ಗುಂಡಿ ಐತಲ್ಲಾ ಅಂತ ಒತ್ತಿದೆ. ಕರೆಂಟ್ ಹೋತು. ಬಂತು. ಮತ್ತ ಒತ್ತಿದೆ. ನಾಕ ತಾಸು ನಡೀತು. 'ನಕಲು ಮುಗಿಯಿತು, ನಿಶ್ಚಿಂತೆಯಿಂದಿರಿ' ಅಂತ ಬಂತು. ಎಷ್ಟ್ ಚಂದ ಬರದಿದ್ರಿ ಅದನ್ನ. ತಗದು ನೋಡಿದ್ರ ಎರಡೂ ಖಾಲಿ."

ಬೆಂಚು ಒಮ್ಮೆ ಕಿರುಗುಟ್ಟಿತು. "ಹುಬ್ಬಳ್ಯಾಗ ತೋರಿಸಿದ್ರೇನು?" ಎಂದಳು ಅಕ್ಕ.

"ತೋರಿಸಿದೆ. ತುಂಬಿದ್ದರ ಮ್ಯಾಲ ಖಾಲಿ ಬರದುಬಿಟ್ಟೈತಂತ. ಗುಂಜಿಯಷ್ಟೂ ಉಳದಿಲ್ಲಂತ."

ಆಮೇಲೆ ಚೀಲದಿಂದ ಒಂದು ನೋಟುಬುಕ್ಕು ತೆಗೆದು ಶಾಲೆಯಲ್ಲಿ ಹಾಜರಿ ಕರೆಯುವ ಹಾಗೆ ಓದತೊಡಗಿದರು. "ಸವಣೂರ ಫಾತಿಮಾಬಿ, ಮೊಹರಂ ಪದ ಹದಿನೆಂಟು. ಸತ್ತಾಳ. ಹುಲಗೂರ ಇಮಾಂಬಿ, ಇಪ್ಪತ್ಮೂರು. ಸತ್ತಾಳ. ಅಬಲೂರ ಗಂಗವ್ವ, ಬೀಸೂ ಪದ. ಅದಾಳ, ಬಾಯಾಗ ಹಲ್ಲಿಲ್ಲ, ಹಡದ ಮಗನ ಗುರ್ತಿಲ್ಲ. ತಿಳವಳ್ಳಿ ನಿಂಗವ್ವ. ಹೋದ ತಿಂಗಳ ಸತ್ತಾಳ." ಒಂದು ಹಾಳೆ ಮುಗಿಯಿತು. ಮಗುಚಿದರು. ಯಾರೂ ತಡೆಯಲಿಲ್ಲ. ಎರಡನೆಯ ಹಾಳೆಯ ನಡುವೆ ನಿಲ್ಲಿಸಿ ಕೇಳಿದರು. "ಬ್ಯಾಸರ ಬಂತೇನ್ರಿ? ಹಿರೇಕೆರೂರ ಕಡೀವು ಇನ್ನೂ ಅದಾವು."

"ಡಿಸ್ಕ್ ತಂದೀರೇನು ಮಾಸ್ತರ?" ಎಂದಳು ಅಕ್ಕ. "ಶಾಂತಾ, ಎರಡೂ ಹಚ್ಚು. ಕ್ರಮಸಂಖ್ಯೆ ಓದು."

ಹಚ್ಚಿದೆ. ಓದಿದೆ. ಒಂದನೆಯದು. ಎರಡನೆಯದು. ಕೊನೆಯ ಅಂಕಿಯವರೆಗೂ ಒಂದೇ.

ಅಕ್ಕ ಸಿಂಬಿಯೊಳಗಿಂದ ದೀರ್ಘವಾಗಿ ಉಸಿರು ಬಿಟ್ಟಳು. "ತಪ್ಪು ನಂದ ಐತಿ ಮಾಸ್ತರ. ಹಿಂಗ ಬರತಾವಂತ ನನಗ ಹೊಳೀಲಿಲ್ಲ. ಇಷ್ಟ್ ಮಂದಿ ಪರೀಕ್ಷಾ ಮಾಡಿದ್ರು, ಒಬ್ಬರ ಹೇಳಿದ್ರ ನಾ ಬಿಡತಿರಲಿಲ್ಲ."

ನಾನು ಸುಮ್ಮನಿದ್ದಿದ್ದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಎರಡು ವಾರ ಸುಮ್ಮನಿದ್ದವಳಿಗೆ ಇನ್ನೊಂದು ದಿನ ಹೆಚ್ಚಲ್ಲ.

"ಹೇಳಿದ್ರು ಅಕ್ಕಾ," ಎಂದೆ. "ಎರಡಕ್ಷರದವ ಹೇಳಿದ್ದ. ನಾ ಪೂರ್ತಿ ಓದಲಿಲ್ಲ."

ಮಾಸ್ತರು ಮೊದಲ ಸಲ ನನ್ನ ಕಡೆ ತಿರುಗಿದರು. "ಅಂದ್ರ, ನನಗ ಫೋನ್ ಹಚ್ಚಿದಾಗ ನಿಮಗ ಗೊತ್ತಿತ್ತು?"

"ಅರ್ಥ ಪೂರ್ತಿ ತಿಳಿದಿದ್ದಿಲ್ರಿ."

"ಓದಾಕ ಬರ್ತಿತ್ತಲ್ಲ?"

ನಾನು ಡಿಸ್ಕುಗಳನ್ನು ಬಿಚ್ಚಿ ಅವರ ಕಡೆ ಸರಿಸಿದೆ. ಅವರು ಡಿಸ್ಕುಗಳನ್ನು ತೆಗೆದುಕೊಳ್ಳಲಿಲ್ಲ. ನೋಟುಬುಕ್ಕನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಬಾಗಿಲ ಹತ್ತಿರ ಹೋಗಿ ಅಕ್ಕನ ಬೆನ್ನಿಗೆ ಹೇಳಿದರು. "ನಿಮ್ಮ ಎರಡೂ ಕಣ್ಣು ಹೋಗಿದ್ರ ಇಷ್ಟ್ ಕೆಟ್ಟಾಗತಿರಲಿಲ್ಲ ಅಕ್ಕಾರ. ಕಣ್ಣಂತ ಇಕೀನ ಇಟಗೊಂಡ್ರಿ ನೋಡ್ರಿ, ಅಲ್ಲಿ ಕೆಟ್ಟಿತು."

ಅವರು ಹೋದ ಮೇಲೆ ಅಕ್ಕ ಹೇಳಿದಳು. "ಎಲ್ಲಾ ತಗಿ. ನಾ ಮಲಗಿದ ದಿನದಿಂದ ಬಂದಾವು ಎಲ್ಲಾ. ಬರದಂಗ ಓದು. ಒಂದಕ್ಷರ ನುಂಗಿದ್ರ ನನಗ ಗೊತ್ತಾಗತೈತಿ."

ಓದಿದೆ. ಇಪ್ಪತ್ತಾರು ಪತ್ರ. ನಾನು 'ಚೊಲೊ ಐತಂತ' ಎಂದಿದ್ದಲ್ಲಿ 'ಪರವಾಗಿಲ್ಲ' ಎಂದಿತ್ತು. 'ಸಾವಕಾಶ ಆಗಲಿ' ಎಂದಿದ್ದಲ್ಲಿ 'ಇನ್ನೂ ಯಾಕೆ ಆಗಿಲ್ಲ' ಎಂದಿತ್ತು. ಅಕ್ಕ ಎಲ್ಲಿಯೂ ತಡೆಯಲಿಲ್ಲ. ಎರಡಕ್ಷರದವನ ಪತ್ರ ಮುಗಿದಾಗ ಮಾತ್ರ ಕಾದಳು.

"ಮುಂದ?"

"ಅಷ್ಟ."

"ಕಣ್ಣು ಹೆಂಗೈತಿ ಅಂತ ಕೇಳಿದ್ನಲ್ಲ?"

"ಕೇಳಿಲ್ಲ ಅಕ್ಕಾ."

"ಅದೂ ನಿಂದ?"

"ನಂದ."

ಅಕ್ಕ, "ಬೈದದ್ದು ಬಿಟ್ಟು ಓದಿದ್ರ ತಡಕೋತಿದ್ದೆ, ಇಲ್ಲದ್ದು ಸೇರಿಸಿದಿ," ಎಂದಳು. "ಕಲ್ಲವ್ವಗ ಹೇಳ್ಕೊಂಡೆನಲ್ಲ ನಾ."

ಮತ್ತೆ ಟೈಪಿಗೆ ಕೂರಿಸಿದಳು. ಗುಂಪಿಗೆ ಪತ್ರ. "ತಪ್ಪಿನ ಸೂಚನೆ ನನಗೆ ಬಂದಿತ್ತು. ನಾನು ಅದನ್ನು ಲೆಕ್ಕಿಸಲಿಲ್ಲ. ಒಬ್ಬರ ಹದಿನಾಲ್ಕು ವರ್ಷದ ಕೆಲಸ ಹೋಗಿದೆ. ಈ ಆವೃತ್ತಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ, ಯಾರೂ ಬಳಸಬೇಡಿ." ನನ್ನ ಬೆರಳು ನಿಂತಿತು.

"ನನ್ನಿಂದ ಆತಂತ ಹಾಕ್ತೇನಿ ಅಕ್ಕಾ. ನೀ ಲೆಕ್ಕಿಸಲಿಲ್ಲ ಅನ್ನೂದು ಸುಳ್ಳಲ್ಲ?"

"ನೀ ಯಾರು?" ಎಂದಳು. "ಒಂಬತ್ತ ವರ್ಷದ ಕೆಲಸದಾಗ ನಿನ್ನ ಹೆಸರು ಎಲ್ಲ್ಯರ ಐತೇನು? ಟೈಪ್ ಮಾಡು."

ಮಾಡಿದೆ. ಬ್ರಾಕೆಟ್ ಇಲ್ಲದ ಪತ್ರ, ಒಂದೂ ತಪ್ಪಾಗಲಿಲ್ಲ.

"ನಾಳಿಂದ ಫೋನ್ ಓದಲಿ," ಎಂದಳು. "ನಿನ್ನ ದನಿ ಬ್ಯಾಡ."

ಮುಂದಿನದು ಸ್ವಲ್ಪ. ಮೂರನೇ ದಿನ ಗುಂಪಿನ ಉತ್ತರ ಬಂತು. ತಗಡಿನ ದನಿ ಓದಿತು: ನಿಮ್ಮ ಪ್ರಾಮಾಣಿಕತೆಗೆ ವಂದನೆ, ನಾವು ಬೇರೆ ಪ್ರೋಗ್ರಾಮ್ ಆರಿಸಿಕೊಂಡಿದ್ದೇವೆ. ವಂದನೆ ಎಂಬುದನ್ನೂ, ಬೇರೆ ಎಂಬುದನ್ನೂ ಆ ದನಿ ಒಂದೇ ಎತ್ತರದಲ್ಲಿ ಓದಿತು. ಅಕ್ಕ ಹೂಂ ಎಂದಳು. ತಪ್ಪು ತಿದ್ದಲು ಅವಳಿಗೆ ಹನ್ನೊಂದು ಸಾಲು ಸಾಕಾದವು. ಒಂದೇ ಸಂಖ್ಯೆಯ ಎರಡು ಬಂದರೆ ಎರಡಕ್ಕೂ ಹೆಸರು ಕೊಡದೆ, ಮುಂದೆ ಕೂತವರನ್ನು ಕೇಳುವುದು, ಅಷ್ಟೇ. ಅದನ್ನೂ ನಾನೇ ಟೈಪು ಮಾಡಿದೆ. ವಾಲೀಕಾರ ಈಗ ತಪ್ಪಿಲ್ಲದೆ ನಡೆಯುತ್ತಾನೆ. ಅಕ್ಕನ ಮನೆಯ ಎರಡು ಕಂಪ್ಯೂಟರುಗಳಲ್ಲಿ ಮಾತ್ರ. ಮಾಸ್ತರು ಆಮೇಲೆ ಆ ಮನೆಗೆ ಬರಲಿಲ್ಲ. ಅಕ್ಕ ಫೋನು ಮಾಡಿದರೆ ಎತ್ತಿ, ಅವಳ ದನಿ ಕೇಳಿದೊಡನೆ ಇಡುತ್ತಿದ್ದರು. ಅವಳು ಹನ್ನೆರಡು ಸಲ ಮಾಡಿದಳು. ಬಲಗಣ್ಣಿಗೆ ಈಗ ಬೆಳಕು ಕತ್ತಲೆ ತಿಳಿಯುತ್ತದೆ. ನಾನು ಹೋದರೆ ಬಾ ಎನ್ನುತ್ತಾಳೆ, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾಳೆ, ನನ್ನ ಮನೆಯವರ ಸಕ್ಕರೆ ಕಾಯಿಲೆ ವಿಚಾರಿಸುತ್ತಾಳೆ. ಓದಲು ಮಾತ್ರ ಕೊಡುವುದಿಲ್ಲ. ಔಷಧದ ಸೀಸೆಯ ಮೇಲಿನ ಹೆಸರನ್ನೂ ಕೊಡುವುದಿಲ್ಲ.

ಆ ರೊಟ್ಟಿ ಪಂಚಮಿಯ ಮಧ್ಯಾಹ್ನದ ಮಾತು ಉಳಿಯಿತು. ಪತ್ರ ಕಳಿಸುವ ಹೊತ್ತಿಗೆ ಎರಡು ಗಂಟೆ. ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಕಲ್ಲವ್ವ ತಟ್ಟೆ ತುಂಬ ತಂದಿಟ್ಟುಹೋಗಿದ್ದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಡಕಿಕಾಳಿನ ಪಲ್ಯ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಒಂದು ರೊಟ್ಟಿ ಮುರಿದು ಮೊಸರಿನಲ್ಲಿ ನೆನೆಸಿ ಬೆಂಚಿನ ಕೆಳಗೆ ಕೂತು ಅಕ್ಕನ ಬಾಯಿಗೆ ಹಿಡಿದೆ. ನಾಲ್ಕು ಚಮಚೆ ತಿಂದು ತುಟಿ ಮುಚ್ಚಿದಳು. ಉಳಿದದ್ದನ್ನು ನಾನು ತಿಂದೆ. ಆಮೇಲೆ ನನ್ನ ಪಾಲಿನ ಮೂರು ರೊಟ್ಟಿ ತಿಂದೆ. ಪುಂಡಿಪಲ್ಯ ಹುಳಿಯಾಗಿ ಹದವಾಗಿತ್ತು, ಎರಡು ಸಲ ಹಾಕಿಕೊಂಡೆ. ತಟ್ಟೆ ತೊಳೆದು, ಬೆಂಚಿನ ಪಕ್ಕ ಚಾಪೆ ಹಾಸಿ ಅಡ್ಡಾದೆ. ಸಿಂಬಿಯ ತೂತಿನಿಂದ ಅಕ್ಕನ ಎಡಗಣ್ಣು ಕಾಣುತ್ತಿತ್ತು, ರೆಪ್ಪೆ ಬಡಿಯದೆ ನೆಲ ನೋಡುತ್ತಿತ್ತು. ಎರಡು ವಾರದಿಂದ ಎದೆಯಲ್ಲಿ ಹೊತ್ತದ್ದನ್ನು ಇಳಿಸಿದ್ದೆ, ಹೊಟ್ಟೆ ತುಂಬಿತ್ತು. ಮೊದಲು ನಿದ್ದೆ ಹೋದವಳು ನಾನು.